ಕಾಮಗಾರಿ: ಪರಿಹಾರದ್ದೋ, ಲೋಕೋಪಯೋಗಿಯೋ?

‘ಕಾಮಗಾರಿ ಕೆಲಸ ಭರದಿಂದ ಸಾಗಿದೆ’ ಎಂಬುದನ್ನು ವರ್ಷಗಟ್ಟಲೆ ಸಹಿಸಿಕೊಂಡೆ. ಮೊನ್ನೆ ಅಮೆರಿಕದ ಒರೆಗಾನ್ ಕರಾವಳಿಯ ಪುಟ್ಟ ಊರು ಫ್ಲಾರೆನ್ಸ್‌ನ ಸೇತುವೆಯ ಚಿತ್ರದಡಿ ‘ಆರ್ಥಿಕ ಮಹಾಕುಸಿತದ ಪರಿಹಾರ ಕಾಮಗಾರಿ ಕೆಲಸ’ ಎಂದು ಬರೆದದ್ದು ಕಂಡಮೇಲೆ ಸುಮ್ಮನಿರಲಾಗಲಿಲ್ಲ.

ಕಾಮಗಾರಿಯ ‘ಕಾಮ’ಕ್ಕೂ ಮನ್ಮಥನಿಗೂ ಸಂಬಂಧವಿಲ್ಲ. ಸಂಸ್ಕೃತದ ‘ಕರ್ಮ’ ಪ್ರಾಕೃತದಲ್ಲಿ ‘ಕಮ್ಮ’ವಾಗಿ, ಮರಾಠಿ, ಹಿಂದಿಗಳಲ್ಲಿ ‘ಕಾಮ್’ ಆಯಿತು. ನಮ್ಮ ಕಾಮಗಾರಿ ಆ ಬಳಗದ್ದು. ಕುಲುಮೆಯ ಮುಂದೆ ಕೂತ ಕಮ್ಮಾರನೂ ಅದೇ ಕುಲದವನು. ಕೆಲಸವೆಂಬ ಅರ್ಥ ಪದದ ಹೊಟ್ಟೆಯಲ್ಲೇ ಇರುವಾಗ ಪಕ್ಕಕ್ಕೆ ಇನ್ನೊಂದು ‘ಕೆಲಸ’ವೇಕೆ? (‘ನಡುಮಧ್ಯೆ’ ಎನ್ನುವವರಿಗೆ ಇದು ತಪ್ಪೆನಿಸಲಿಕ್ಕಿಲ್ಲ.)

ದೊಡ್ಡ ತಪ್ಪು ‘ಪರಿಹಾರ’ದ್ದು. ಬರಗಾಲದಲ್ಲಿ ಹಸಿದವರ ಕೈಯಲ್ಲಿ ಕೆರೆಯ ಹೂಳೆತ್ತಿಸಿ ಸರ್ಕಾರ ಕೂಲಿ ಕೊಟ್ಟರೆ ಅದು ಪರಿಹಾರ ಕಾಮಗಾರಿ; ಅಲ್ಲಿ ಮೊದಲು ಹೊಟ್ಟೆ, ಆಮೇಲೆ ಕೆರೆ. ಟೆಂಡರ್ ಕರೆದು ಗುತ್ತಿಗೆದಾರನಿಂದ ಕಟ್ಟಿಸಿದ್ದು ಲೋಕೋಪಯೋಗಿ ಕಾಮಗಾರಿ. ಆ ಮಹಾಕುಸಿತದ ಕಾಲದ, ಅಂದರೆ 1930ರ ದಶಕದ ಅಮೆರಿಕದಲ್ಲಿ ಇವೆರಡಕ್ಕೂ ಬೇರೆ ಬೇರೆ ಸಂಸ್ಥೆಗಳೇ ಇದ್ದವು. 1933ರಲ್ಲಿ ಹುಟ್ಟಿದ, ಹ್ಯಾರಾಲ್ಡ್ ಇಕಿಸ್ ನಡೆಸಿದ ಪಿಡಬ್ಲ್ಯುಎ (ಪಬ್ಲಿಕ್ ವರ್ಕ್ಸ್ ಅಡ್ಮಿನಿಸ್ಟ್ರೇಷನ್) ರಾಜ್ಯಗಳಿಗೂ ನಗರಗಳಿಗೂ ಅನುದಾನ, ಸಾಲ ಕೊಡುತ್ತಿತ್ತು; ಕಟ್ಟುವವರು ಖಾಸಗಿ ಗುತ್ತಿಗೆದಾರರು. 1935ರಲ್ಲಿ ಬಂದ, ಹ್ಯಾರಿ ಹಾಪ್ಕಿನ್ಸ್ ಅವರ ಡಬ್ಲ್ಯುಪಿಎ (ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್) ಪರಿಹಾರದ ಪಟ್ಟಿಯಲ್ಲಿದ್ದ ನಿರುದ್ಯೋಗಿಗಳನ್ನು ತಾನೇ ಕೆಲಸಕ್ಕೆ ಹಚ್ಚಿ ಸಂಬಳ ಕೊಡುತ್ತಿತ್ತು. ಎರಡಕ್ಷರ ಅದಲುಬದಲಾದರೆ ಇತಿಹಾಸವೇ ಅದಲುಬದಲು.

ಫ್ಲಾರೆನ್ಸ್‌ನಲ್ಲಿ ಸೈಯೂಸ್ಲಾ ನದಿಗೆ ಕಟ್ಟಿದ ಸೇತುವೆ ಪಿಡಬ್ಲ್ಯುಎ ಹಣದ್ದು. 1934ರಲ್ಲಿ ಕೆಲಸ ಶುರುವಾದಾಗ ಡಬ್ಲ್ಯುಪಿಎ ಹುಟ್ಟಿಯೇ ಇರಲಿಲ್ಲ! 1936ರಲ್ಲಿ ಸಂಚಾರಕ್ಕೆ ತೆರೆಯಿತು. ವಿನ್ಯಾಸ ಎಂಜಿನಿಯರ್ ಕಾಂಡಿ ಮೆಕಲಾ ಅವರದು: ಹಡಗು ಬಂದರೆ ಎರಡು ರೆಕ್ಕೆಯಾಗಿ ಮೇಲೇಳುವ ನಡುಭಾಗ, ಅದರ ಆಚೀಚೆ ಬಿಲ್ಲಿನಂತೆ ಬಾಗಿದ ಕಾಂಕ್ರೀಟ್ ಕಮಾನು, ನಾಲ್ಕು ಮೂಲೆಗೆ ಗೋಪುರದಂಥ ಪುಟ್ಟ ಕೋಣೆ.

ಹಾಗಾದರೆ ನಿರುದ್ಯೋಗಿಗಳಿಗೆ ಕೆಲಸ ಸಿಗಲಿಲ್ಲವೇ? ಸಿಕ್ಕಿತು. ಪಿಡಬ್ಲ್ಯುಎ ಕಾಮಗಾರಿಗಳಲ್ಲಿ ಒಬ್ಬರಿಗೆ ವಾರಕ್ಕೆ 30 ಗಂಟೆ ಎಂಬ ಮಿತಿ ಹಾಕಿದ್ದೇ ಇರುವ ದುಡಿಮೆಯನ್ನು ಹೆಚ್ಚು ಕೈಗಳಿಗೆ ಹಂಚಲಿಕ್ಕೆ. ಆದರೆ ಕೂಲಿ ಬರುತ್ತಿದ್ದದ್ದು ಗುತ್ತಿಗೆದಾರನ ಕೈಯಿಂದ.

‘ಪರಿಹಾರ’ ಎಂದೇ ಬರೆಯುವ ಆಸೆಯಿದ್ದರೆ ಅದೇ ರಾಜ್ಯದ ಹುಡ್ ಪರ್ವತದ ಮೇಲಿರುವ ಟಿಂಬರ್‌ಲೈನ್ ಲಾಡ್ಜ್ ಚಿತ್ರ ಹಾಕಿ. ಡಬ್ಲ್ಯುಪಿಎ ಕೆಲಸಗಾರರು ಕಟ್ಟಿದ್ದು, 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಉದ್ಘಾಟಿಸಿದ್ದು. ಅದರ ಬಾಗಿಲಿನ ಕಬ್ಬಿಣದ ಸಾಮಾನನ್ನೂ ಕಮ್ಮಾರರು ಕಾಯಿಸಿ, ಕೈಯಲ್ಲೇ ಬಡಿದು ಮಾಡಿದ್ದಾರೆ.