ಕೊಂಡಿ ಕಂಡ ಮೇಲೇ ಸರಪಳಿ

ಲ್ಯಾಬಿನಲ್ಲಿ ಫಾಸ್ಫೇಟ್ ಪರೀಕ್ಷೆ ಮಾಡಿದವರಿಗೆ ಅಮೋನಿಯಂ ಮಾಲಿಬ್ಡೇಟ್ ಹಾಕಿದಾಗ ತಳಕ್ಕಿಳಿಯುವ ಹಳದಿ ಪುಡಿ ನೆನಪಿರುತ್ತದೆ, ಅಲ್ವಾ? ಪಾಲಿಆಕ್ಸೋಮೆಟಲೇಟ್‌ಗಳು, ಅಂದರೆ ಹಲವು ಲೋಹದ ಪರಮಾಣುಗಳು ಆಕ್ಸಿಜನ್ ಮೂಲಕ ಹೆಣೆದುಕೊಂಡ ಅಯಾನುಗಳು, ಅದೇ ಕುಲದವು. ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ 1826ರಲ್ಲೇ ಆ ಹಳದಿ ಪುಡಿಯನ್ನು ಕಂಡಿದ್ದರು. ಇಂಥವುಗಳ ಒಳಗಿನ ಕಟ್ಟಡ ತಿಳಿದದ್ದು 1933ರಲ್ಲಿ, ಕೆಗ್ಗಿನ್ ಅವರು ಎಕ್ಸ್-ರೇಯಿಂದ ಫಾಸ್ಫೋಟಂಗ್‌ಸ್ಟಿಕ್ ಆಮ್ಲದ ರಚನೆಯನ್ನು ಬಿಡಿಸಿದಾಗ.

ಇಂಥ ಅಯಾನುಗಳನ್ನು ಬೇರೊಂದು ಲೋಹದ ಕೊಂಡಿಯಿಂದ ಸಾಲಾಗಿ ಜೋಡಿಸಿದರೆ ಸರಪಳಿ. ಅದನ್ನು ಕಟ್ಟಲು ನನಗಿಷ್ಟ ಆಂಡರ್ಸನ್ ಮಾದರಿಯ ಅಯಾನು. ನಡುವೆ ಒಂದು ಅಲ್ಯೂಮಿನಿಯಂ, ಸುತ್ತ ಆರು ಮಾಲಿಬ್ಡಿನಂ, ಒಟ್ಟು 24 ಆಕ್ಸಿಜನ್. ಚಪ್ಪಟೆ ಬಿಲ್ಲೆಯ ಆಕಾರ. ಪ್ರತಿ ಮಾಲಿಬ್ಡಿನಂನಿಂದ ಎರಡು ಆಕ್ಸಿಜನ್ ಹೊರಗೆ ಚಾಚಿರುತ್ತವೆ. ಬೇರೆ ಲೋಹ ಬಂದು ಹಿಡಿಯುವುದು ಅವನ್ನೇ. ಆರು ಹೈಡ್ರೋಜನ್ ಸೇರಿ ಬಿಲ್ಲೆಯ ಚಾರ್ಜು ಮೈನಸ್ 3, ಕೊಂಡಿಯಾಗುವ ಲೋಹ ಲ್ಯಾಂಥನಂನದು ಪ್ಲಸ್ 3. ಒಂದಕ್ಕೊಂದು ಸೇರಿದರೆ ಲೆಕ್ಕ ಚುಕ್ತಾ. ಲ್ಯಾಂಥನಂ ಏಳು ನೀರಿನ ಅಣುಗಳನ್ನು ಹಿಡಿದು, ಉಳಿದ ಎರಡು ಕೈಗಳನ್ನು ಎರಡು ಬಿಲ್ಲೆಗಳಿಗೆ ಚಾಚುತ್ತದೆ.

ತಯಾರಿಕೆ ನೋಡಲು ಸುಲಭ. ಮಾಲಿಬ್ಡೇಟ್ ದ್ರಾವಣಕ್ಕೆ ಅಲ್ಯೂಮಿನಿಯಂ ಲವಣ ಸೇರಿಸಿ, ಪಿಎಚ್ 3–4ರ ಆಸುಪಾಸಿನಲ್ಲಿಟ್ಟು ಬಿಸಿ ಮಾಡಿ, ಆಮೇಲೆ ಲ್ಯಾಂಥನಂ ಲವಣ ಹಾಕಿ. ಆದರೆ ಅವಸರದಲ್ಲಿ ಸುರಿದರೆ ಬರೀ ಪುಡಿ ಸಿಗುತ್ತದೆ. ದ್ರಾವಣ ತೆಳ್ಳಗಿರಲಿ. ನಿಧಾನವಾಗಿ ಆರಲು ಬಿಡಿ.

ಹರಳು ಬಂತು, ಸೂತ್ರವೂ ಸರಿಹೋಯಿತು. ಸರಪಳಿ ಸಿಕ್ಕಿತಾ? ಇಲ್ಲ! ಲ್ಯಾಂಥನಂ ಬಿಲ್ಲೆಯನ್ನು ಹಿಡಿಯದೆ ಸುಮ್ನೆ ಪಕ್ಕದಲ್ಲಿದ್ದರೂ ಲೋಹಗಳ ಲೆಕ್ಕ ಅಷ್ಟೇ ಬರುತ್ತದೆ. ಹೇಳಬೇಕಾದ್ದು ಹರಳಿನ ರಚನೆಯೇ. ಲ್ಯಾಂಥನಂನಿಂದ ಬಿಲ್ಲೆಯ ಆಕ್ಸಿಜನ್‌ಗೆ ಸುಮಾರು 2.5 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ಇದ್ದರೆ ಅದು ಬಂಧ. ಅದಕ್ಕಿಂತ ತುಂಬಾ ದೂರವಿದ್ದರೆ ಬರೀ ನೆರೆಹೊರೆ. ಚಿತ್ರದಲ್ಲಿ ಗೆರೆ ಎಳೆದ ಮಾತ್ರಕ್ಕೆ ಕೊಂಡಿ ಆಗುವುದಿಲ್ಲ.

ಇನ್ನೊಂದು ತೊಡಕು ಹೈಡ್ರೋಜನ್. ಮಾಲಿಬ್ಡಿನಂನಂಥ ಭಾರದ ಪರಮಾಣುಗಳ ಪಕ್ಕದಲ್ಲಿ ಅದು ಎಕ್ಸ್-ರೇಗೆ ಕಾಣುವುದೇ ಕಷ್ಟ. ಹಾಗಾಗಿ ಪ್ರತಿ ಆಕ್ಸಿಜನ್ ಸುತ್ತಲಿನ ಬಂಧಗಳ ಉದ್ದದಿಂದ ಪ್ರತಿ ಬಂಧದ ವೇಲೆನ್ಸಿ, ಅಂದರೆ ಬಲದ ಪಾಲು, ಲೆಕ್ಕಹಾಕಿ ಕೂಡಿಸಿ ನೋಡುತ್ತೇವೆ. 2ರ ಹತ್ತಿರ ಬಂದರೆ ಬರೀ ಆಕ್ಸಿಜನ್, 1ರ ಹತ್ತಿರವಾದರೆ ಒಂದು ಹೈಡ್ರೋಜನ್ ಅಂಟಿದ ಹೈಡ್ರಾಕ್ಸಿಲ್, ಇನ್ನೂ ತೀರಾ ಕಡಿಮೆಯಾದರೆ ನೀರು. ಈ ಲೆಕ್ಕ ಬಿಟ್ಟರೆ ಚಾರ್ಜೇ ತಪ್ಪುತ್ತದೆ.

ಹರಳನ್ನು ದ್ರಾವಣದಿಂದ ತೆಗೆದು ಹಾಗೇ ಇಡಬೇಡಿ. ನೀರು ಕಳೆದುಕೊಂಡು ಬಿರುಕು ಬಿಡಬಹುದು. ಎಣ್ಣೆಯಲ್ಲಿ ಅದ್ದಿ, ಬೇಗ ತಣ್ಣನೆಯ ನೈಟ್ರೋಜನ್ ಹರಿವಿಗೆ ಸಿಗುವಂತೆ ಕೂರಿಸಿ. ಕೊನೆಗೆ ಉಳಿದ ಪುಡಿಯ ಎಕ್ಸ್-ರೇ ನಕ್ಷೆಯನ್ನು ರಚನೆಯಿಂದ ಲೆಕ್ಕಹಾಕಿದ ನಕ್ಷೆಯ ಜೊತೆ ಹೋಲಿಸಿ. ನೀವು ಆರಿಸಿದ್ದು ಒಂದೇ ಹರಳು. ಬಾಟಲಿಯಲ್ಲಿ ಬೇರೆಯದೂ ಬೆರೆತಿರಬಹುದು.