ಓದುಗರ ಪ್ರಶ್ನೆ: ದೂರದ ಗ್ಯಾಸ್ ತೆಗೆಯಲು ಕಂಪನಿಗಳಿಗೆ ತೆರಿಗೆ ರಿಯಾಯಿತಿ ಯಾಕೆ?

ಪ್ರಶ್ನೆ: ನಾನು ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಕಡೆಯ ಕಾಫಿ ಬೆಳೆಗಾರ. ಎಲ್ಲೋ ಸಮುದ್ರದಲ್ಲಿ, ಕಾಡಿನಲ್ಲಿ ಸಿಕ್ಕಿದ ನೈಸರ್ಗಿಕ ಅನಿಲ ತೆಗೆಯಲು ಕಂಪನಿಗಳಿಗೆ ಸರ್ಕಾರ ತೆರಿಗೆ ರಿಯಾಯಿತಿ ಕೊಡುತ್ತದೆ ಎಂದು ಪೇಪರಿನಲ್ಲಿ ಆಗಾಗ ಓದುತ್ತೇನೆ. ನೆಲದಡಿ ಅಷ್ಟು ಸಂಪತ್ತಿದ್ದರೆ ಕಂಪನಿಯವರು ತಾವಾಗಿಯೇ ತೆಗೆಯುವುದಿಲ್ಲವೇ? ಜನರ ಪಾಲಿನ ದುಡ್ಡನ್ನು ಯಾಕೆ ಬಿಟ್ಟುಕೊಡಬೇಕು? ಇದರಿಂದ ನಮ್ಮ ಮನೆಯ ಸಿಲಿಂಡರ್ ಅಗ್ಗವಾಗುತ್ತದೆಯೇ?

ಉತ್ತರ: ಸಿಲಿಂಡರಿನ ವಿಷಯ ಕೊನೆಗೆ ಹೇಳುತ್ತೇನೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಕೊಡಗಿನವರಿಗೆ ಪುಸ್ತಕ ನೋಡದೆಯೂ ಗೊತ್ತಿರುವಂಥದ್ದು.

2018ರ ಆಗಸ್ಟ್ ಮಳೆಯಲ್ಲಿ ನಮ್ಮ ತೋಟದ ದಾರಿಯ ಮೋರಿ ಕೊಚ್ಚಿಹೋಯಿತು. ಕಾಲೂರು, ಮಕ್ಕಂದೂರಿನವರು ಅನುಭವಿಸಿದ್ದರ ಮುಂದೆ ಅದು ಏನೂ ಅಲ್ಲ. ನಮಗೆ ಮನೆ ಉಳಿದಿತ್ತು, ಗಿಡ ಉಳಿದಿತ್ತು. ಡಿಸೆಂಬರಿನಲ್ಲಿ ಅರೇಬಿಕಾ ಹಣ್ಣಾಯಿತು. ಜೀಪು ಮೋರಿಯ ಆಚೆಯೇ ನಿಲ್ಲಬೇಕು. ಕುಯ್ದ ಹಣ್ಣನ್ನು ಚೀಲಕ್ಕೆ ತುಂಬಿ, ತಲೆ ಮೇಲೆ ಹೊತ್ತು, ಜಾರುವ ಮಣ್ಣಿನಲ್ಲಿ ಇಳಿದು ಹತ್ತಿ ಜೀಪಿಗೆ ಹಾಕಬೇಕು. ಆಳು ಸಿಗದೆ ಒಂದು ದಿನದ ಹಣ್ಣು ಹಾಗೇ ಉಳಿಯಿತು. ಮಾರನೇ ದಿನ ರಾಶಿಯೊಳಗೆ ಕೈ ಹಾಕಿದರೆ ಬೆಚ್ಚಗಿತ್ತು, ಹುಳಿ ವಾಸನೆ ಬರುತ್ತಿತ್ತು. ಆ ವರ್ಷ ಕೆಳಗಿನ ಒಂದು ಮೂಲೆಯ ಹಣ್ಣನ್ನು ಕುಯ್ಯಿಸಲೇ ಇಲ್ಲ. ಹೊರುವ ಕೂಲಿ ಹಣ್ಣಿನ ಬೆಲೆಯನ್ನು ಮೀರುತ್ತಿತ್ತು. ಬೆಳೆ ಇತ್ತು, ಮಾರುಕಟ್ಟೆ ಇತ್ತು, ನಡುವಿನ ಅರ್ಧ ಕಿಲೋಮೀಟರ್ ಇರಲಿಲ್ಲ.

ದೂರದ ಗ್ಯಾಸಿನ ಕಥೆಯೂ ಇದೇ. ಈ ಉದ್ಯಮದವರು ಅದನ್ನು ‘ಸ್ಟ್ರ್ಯಾಂಡೆಡ್ ಗ್ಯಾಸ್’ ಎನ್ನುತ್ತಾರೆ. ಇದೆ ಎಂದು ಗೊತ್ತು, ಆದರೆ ತಂದು ಮಾರಲು ದಾರಿಯಿಲ್ಲದೆ ಸಿಕ್ಕಿಬಿದ್ದಿರುವ ಗ್ಯಾಸ್. ಕಚ್ಚಾ ತೈಲಕ್ಕೆ ಈ ಕಷ್ಟ ಕಡಿಮೆ. ಅದನ್ನು ಟ್ಯಾಂಕರಿಗೆ ತುಂಬಬಹುದು, ಹಡಗಿಗೆ ಹಾಕಬಹುದು. ಗ್ಯಾಸ್ ಹಾಗಲ್ಲ. ಕೊಳವೆಯಲ್ಲಿ ಬರಬೇಕು, ಇಲ್ಲವೇ ಸೊನ್ನೆಗಿಂತ ಕೆಳಗೆ 162 ಡಿಗ್ರಿಯವರೆಗೆ ತಣಿಸಿ ದ್ರವ ಮಾಡಬೇಕು. ಆಗ ಅದರ ಗಾತ್ರ ಸುಮಾರು 600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಹಡಗಿನಲ್ಲಿ ಸಾಗಿಸಲು ಬರುತ್ತದೆ. ಎರಡಕ್ಕೂ ಸಾವಿರಾರು ಕೋಟಿ ಬೇಕು. ಅದೂ ಗ್ಯಾಸ್ ಮಾರಿದ ಮೊದಲ ರೂಪಾಯಿ ಕೈಗೆ ಬರುವ ಎಷ್ಟೋ ವರ್ಷ ಮೊದಲು.

ನಮ್ಮ ದೇಶದಲ್ಲೇ ತ್ರಿಪುರವನ್ನು ನೋಡಿ. ಅಲ್ಲಿ ಒಎನ್‌ಜಿಸಿಗೆ ಗ್ಯಾಸ್ ಸಿಕ್ಕಿತು. ಮೂರು ಕಡೆ ಬಾಂಗ್ಲಾದೇಶ, ಉಳಿದ ಕಡೆ ಬೆಟ್ಟ. ಗ್ಯಾಸನ್ನು ಹೊರಗೆ ಸಾಗಿಸುವ ಬದಲು ಪಾಲಟಾನಾದಲ್ಲಿ 726 ಮೆಗಾವಾಟ್ ವಿದ್ಯುತ್ ಸ್ಥಾವರ ಕಟ್ಟಿ, ಗ್ಯಾಸನ್ನು ಅಲ್ಲೇ ಉರಿಸಿ ವಿದ್ಯುತ್ತನ್ನು ತಂತಿಯಲ್ಲಿ ಕಳುಹಿಸುವುದೆಂದು ತೀರ್ಮಾನವಾಯಿತು. ಅದರ ಭಾರೀ ಯಂತ್ರಗಳು ಬಾಂಗ್ಲಾದೇಶದ ನದಿ ದಾರಿಯಲ್ಲಿ ಅಶುಗಂಜ್ ಬಂದರಿಗೆ ಬಂದು, ಅಲ್ಲಿಂದ ರಸ್ತೆ ಹಿಡಿದವು. ಮೊದಲ ಘಟಕ 2013ರಲ್ಲಿ ಶುರುವಾಯಿತು.

ಇನ್ನು ತೆರಿಗೆಗೆ ಬರೋಣ. ‘ರಿಯಾಯಿತಿ’ ಎಂಬ ಒಂದೇ ಪದದಡಿ ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಪೇಪರ್ ಓದುವಾಗ ಗೊಂದಲ ಹುಟ್ಟುವುದು ಇಲ್ಲೇ.

ಒಂದು, ತೆರಿಗೆ ರಜೆ. ಇಷ್ಟು ವರ್ಷ ಲಾಭದ ಮೇಲೆ ಆದಾಯ ತೆರಿಗೆ ಇಲ್ಲ ಎನ್ನುವುದು. ಭಾರತದಲ್ಲಿ 1961ರ ಆದಾಯ ತೆರಿಗೆ ಕಾಯ್ದೆಯ 80-ಐಬಿ ಸೆಕ್ಷನ್ ‘ಖನಿಜ ತೈಲ’ ಉತ್ಪಾದನೆಗೆ 7 ವರ್ಷದ ರಜೆ ಕೊಡುತ್ತಿತ್ತು. ಖನಿಜ ತೈಲ ಎಂದರೆ ಅದರಲ್ಲಿ ಗ್ಯಾಸ್ ಸೇರುತ್ತದೋ ಇಲ್ಲವೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ತೈಲ, ಗ್ಯಾಸ್ ಹುಡುಕುವ ಜಾಗಗಳನ್ನು (ಬ್ಲಾಕು) ಸರ್ಕಾರ ಕಂಪನಿಗಳಿಗೆ ಹಂಚುತ್ತಿದ್ದುದು ಎನ್‌ಇಎಲ್‌ಪಿ ಎಂಬ ಹರಾಜಿನಲ್ಲಿ. 2009ರ ಬಜೆಟ್, ಅದರ 8ನೇ ಸುತ್ತಿನ ಬ್ಲಾಕುಗಳ ಗ್ಯಾಸಿಗೂ ರಜೆ ಉಂಟು ಎಂದಿತು. 2017ರ ಮಾರ್ಚ್ 31ರ ನಂತರ ಉತ್ಪಾದನೆ ಶುರು ಮಾಡುವವರಿಗೆ ಆ ಬಾಗಿಲು ಮುಚ್ಚಿತು.

ಕೇಳಲು 7 ವರ್ಷದ ರಜೆ ದೊಡ್ಡದು. ಆದರೆ ಹೊಸದಾಗಿ ಕಾಫಿ ಗಿಡ ನೆಟ್ಟವನಿಗೆ ‘ಮೊದಲ ನಾಲ್ಕು ವರ್ಷ ನಿನ್ನ ಫಸಲಿಗೆ ತೆರಿಗೆ ಇಲ್ಲ’ ಎಂದರೆ ಏನು ಬಂತು? ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಗ್ಯಾಸಿನಲ್ಲಿ ರಜೆ ಶುರುವಾಗುವುದು ಉತ್ಪಾದನೆಯ ನಂತರವೇ, ನಿಜ. ಆದರೂ ಮೊದಲ ವರ್ಷಗಳಲ್ಲಿ ಹಳೆಯ ಖರ್ಚನ್ನೆಲ್ಲ ಕಳೆದರೆ ಲೆಕ್ಕದಲ್ಲಿ ಲಾಭವೇ ಕಾಣುವುದಿಲ್ಲ. ಲಾಭ ಇಲ್ಲದ ವರ್ಷ ತೆರಿಗೆ ರಜೆಯಿಂದ ಪ್ರಯೋಜನವಿಲ್ಲ. ಖರ್ಚು ದೊಡ್ಡದಾದಷ್ಟೂ, ಜಾಗ ದೂರವಾದಷ್ಟೂ ರಜೆ ವ್ಯರ್ಥವಾಗುವ ಸಂಭವ ಹೆಚ್ಚು. ಬೇಗ ಲಾಭ ಬರುವ ಹತ್ತಿರದ, ಸುಲಭದ ನಿಕ್ಷೇಪಕ್ಕೇ ಅದರ ಪೂರ್ತಿ ಲಾಭ. ಯಾರಿಗೆ ಬೇಕಿತ್ತೋ ಅವರಿಗೆ ಕಡಿಮೆ, ಬೇಡದವರಿಗೆ ಹೆಚ್ಚು. ತೆರಿಗೆ ರಜೆಯನ್ನು ನಾನು ಒಪ್ಪದಿರುವುದು ಇದಕ್ಕೇ.

ಎರಡನೆಯದು ಬೇಗನೆ ಸವಕಳಿ ಕಳೆಯಲು ಬಿಡುವುದು. ಸವಕಳಿ ಎಂದರೆ ಯಂತ್ರ, ಕಟ್ಟಡಕ್ಕೆ ಹಾಕಿದ ಬಂಡವಾಳವನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪವಾಗಿ ಖರ್ಚೆಂದು ಆದಾಯದಲ್ಲಿ ಕಳೆಯುವುದು. ಒಂದು ಕಂಪನಿ 100 ಕೋಟಿ ಹಾಕಿತು, ತೆರಿಗೆ ದರ ಶೇ 25 ಎಂದುಕೊಳ್ಳಿ. ಆ ಖರ್ಚನ್ನು ಆದಾಯದಲ್ಲಿ ಕಳೆದರೆ ಒಟ್ಟು 25 ಕೋಟಿ ತೆರಿಗೆ ಉಳಿಯುತ್ತದೆ. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 5 ಕೋಟಿ. ಶೇ 10 ಬಡ್ಡಿಯ ಲೆಕ್ಕದಲ್ಲಿ ಅದರ ಇಂದಿನ ಬೆಲೆ ಸುಮಾರು 19 ಕೋಟಿ. ಮೊದಲ ವರ್ಷವೇ ಪೂರ್ತಿ ಕಳೆಯಲು ಬಿಟ್ಟರೆ ಸುಮಾರು 22.7 ಕೋಟಿ. ಸರ್ಕಾರ ದರ ಇಳಿಸಲಿಲ್ಲ, ತೆರಿಗೆ ಮನ್ನಾ ಮಾಡಲಿಲ್ಲ, ತಡವಾಗಿ ತೆಗೆದುಕೊಂಡಿತು ಅಷ್ಟೇ. ಸಾಲದ ಬಡ್ಡಿ ಕಟ್ಟುವವರಿಗೆ ಆ ವ್ಯತ್ಯಾಸ ಎಂಥದ್ದೆಂದು ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ.

ನಾರ್ವೆ ಮಾಡಿದ್ದು ಇದನ್ನೇ. ಬ್ಯಾರೆಂಟ್ಸ್ ಸಮುದ್ರದ ಸ್ನೋವಿಟ್ ನಿಕ್ಷೇಪ ಸಿಕ್ಕಿದ್ದು 1984ರಲ್ಲಿ. ದೂರದ ಉತ್ತರ, ಯುರೋಪಿನ ಕೊಳವೆ ಜಾಲ ಅಲ್ಲಿಗೆ ತಲುಪುವುದಿಲ್ಲ. ಅಲ್ಲಿ ತೈಲ ಮತ್ತು ಗ್ಯಾಸ್ ಲಾಭದ ಮೇಲೆ ಒಟ್ಟು ತೆರಿಗೆ ಶೇ 78. ಸಾಮಾನ್ಯವಾಗಿ 6 ವರ್ಷದಲ್ಲಿ ಕಳೆಯುವ ಸವಕಳಿಯನ್ನು ಆ ಉತ್ತರ ಭಾಗದ ದ್ರವೀಕರಣ ಘಟಕಕ್ಕೆ 3 ವರ್ಷಕ್ಕೆ ಇಳಿಸಿದರು. ದರ ಅಷ್ಟು ಹೆಚ್ಚಿದ್ದಾಗ ಈ ಬೇಗ ಕಳೆಯುವ ಅವಕಾಶಕ್ಕೆ ದೊಡ್ಡ ಬೆಲೆ. ಸಮುದ್ರದಡಿ 143 ಕಿ.ಮೀ. ಕೊಳವೆ ಹಾಕಿ, ಹ್ಯಾಮರ್‌ಫೆಸ್ಟ್ ಊರಿನ ಹತ್ತಿರದ ದ್ವೀಪದಲ್ಲಿ ಗ್ಯಾಸನ್ನು ದ್ರವ ಮಾಡಿ, 2007ರಲ್ಲಿ ಉತ್ಪಾದನೆ ಶುರು ಮಾಡಿದರು. ಶೇ 78 ಹಾಗೇ ಉಳಿಯಿತು. ಇಂಥ ರಿಯಾಯಿತಿಗೆ ನನ್ನ ಒಪ್ಪಿಗೆ ಇದೆ.

ಮೂರನೆಯದು ರಾಜಧನ, ಅಂದರೆ ರಾಯಲ್ಟಿ. ಗದ್ದೆ ವಾರಕ್ಕೆ ಕೊಟ್ಟ ಹಾಗೆ ಇದು. ಖರ್ಚು ಎಷ್ಟಾಯಿತೆಂದು ಕೇಳದೆ ಕಣದಲ್ಲೇ ರಾಶಿಯಿಂದ ಪಾಲು ಎತ್ತುವುದು. ಆದಾಯ ತೆರಿಗೆಯಾದರೋ ಖರ್ಚು ಕಳೆದು ಉಳಿದದ್ದರಲ್ಲಿ. ಹಾಗಾಗಿ ಕಷ್ಟದ ಜಾಗದಲ್ಲಿ ರಾಜಧನ ಬಿಟ್ಟರೆ ಮೊದಲ ವರ್ಷದಿಂದಲೇ ಅದು ಕೈಗೆ ಹತ್ತುತ್ತದೆ. ನಮ್ಮ ದೇಶದ 2016ರ ಹೊಸ ಪರವಾನಗಿ ನೀತಿಯಂತೆ, 400 ಮೀಟರಿಗಿಂತ ಆಳದ ನೀರಿನಲ್ಲಿ ಮೊದಲ 7 ವರ್ಷ ರಾಜಧನ ಇಲ್ಲ. ಆಮೇಲೆ ಶೇ 5, ತೀರಾ ಆಳದ ನೀರಾದರೆ ಶೇ 2. ನೆಲದ ಮೇಲಿನ ಗ್ಯಾಸಿಗೆ ಶೇ 10.

ಆದರೆ ತೆರಿಗೆಗಿಂತ ಬೆಲೆ ಮುಖ್ಯ ಎನ್ನುವುದಕ್ಕೆ ಕಾಕಿನಾಡದ ಆಚೆಯ ಕೃಷ್ಣಾ-ಗೋದಾವರಿ ಕಡಲೇ ಸಾಕ್ಷಿ. ಆಳ ಸಮುದ್ರದ ಗ್ಯಾಸನ್ನು ಒಂದು ಗರಿಷ್ಠ ಮಿತಿಯೊಳಗೆ ತಮಗೆ ಕಂಡ ಬೆಲೆಗೆ ಮಾರಬಹುದೆಂದು 2016ರ ಮಾರ್ಚ್‌ನಲ್ಲಿ ಸರ್ಕಾರ ಒಪ್ಪಿತು. ತೆರಿಗೆ ರಜೆಯ ಬಾಗಿಲು ಮುಚ್ಚಿದ್ದು 2017ರ ಮಾರ್ಚ್‌ನಲ್ಲಿ. ಆ ಜೂನ್‌ನಲ್ಲೇ ರಿಲಯನ್ಸ್ ಮತ್ತು ಬಿಪಿ ಅಲ್ಲಿ 40,000 ಕೋಟಿ ರೂಪಾಯಿ ಹೂಡುತ್ತೇವೆ ಎಂದು ಘೋಷಿಸಿದವು. 2,000 ಮೀಟರಿಗಿಂತ ಆಳದ ನೀರಿನಡಿಯಿಂದ 2020ರ ಡಿಸೆಂಬರಿನಲ್ಲಿ ಗ್ಯಾಸ್ ಮೇಲೆ ಬಂತು. ಹಣ ಹಾಕುವವರು ಮೊದಲು ನೋಡಿದ್ದು ಬೆಲೆಯನ್ನು ಎಂದೇ ನಾನು ಇದನ್ನು ಓದುತ್ತೇನೆ.

ಅಲಾಸ್ಕದ ಅನುಭವ ಇನ್ನೂ ಸ್ಪಷ್ಟ. ಅಲ್ಲಿನ ಪ್ರುಡೋ ಬೇ ನಿಕ್ಷೇಪ ಸಿಕ್ಕಿದ್ದು 1968ರಲ್ಲಿ. ತೈಲಕ್ಕೆ 1977ರಲ್ಲಿ ಸುಮಾರು 1,300 ಕಿ.ಮೀ. ಕೊಳವೆ ಬಂತು. ಅದರ ಜೊತೆ ಬಂದ ಗ್ಯಾಸನ್ನು ಮಾರಲು ದಾರಿಯಿಲ್ಲದೆ, ತೈಲ ಮೇಲಕ್ಕೆ ತಳ್ಳುವ ಒತ್ತಡಕ್ಕೆಂದು ಮತ್ತೆ ನೆಲದೊಳಕ್ಕೇ ತುಂಬಿದರು. 1998ರಲ್ಲಿ ಅಲ್ಲಿನ ರಾಜ್ಯ, ‘ಸ್ಟ್ರ್ಯಾಂಡೆಡ್ ಗ್ಯಾಸ್’ ಎಂಬ ಹೆಸರನ್ನೇ ಇಟ್ಟುಕೊಂಡು ಒಂದು ಕಾಯ್ದೆ ಮಾಡಿತು. ತೆರಿಗೆಯ ಬದಲು ಮಾತುಕತೆಯಲ್ಲಿ ನಿಗದಿಯಾದ ಮೊತ್ತ ಕಟ್ಟಿದರೆ ಸಾಕು ಎಂದು. 2004ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ 1,800 ಕೋಟಿ ಡಾಲರ್‌ವರೆಗಿನ ಸಾಲಕ್ಕೆ ಖಾತರಿ ಕೊಟ್ಟು, 7 ವರ್ಷದಲ್ಲಿ ಸವಕಳಿ ಕಳೆಯಲು ಬಿಟ್ಟಿತು. 2007ರಲ್ಲಿ ರಾಜ್ಯ ಇನ್ನೂ 50 ಕೋಟಿ ಡಾಲರ್‌ವರೆಗೆ ಖರ್ಚು ಹಂಚಿಕೊಳ್ಳಲು ಮುಂದೆ ಬಂತು. ಇಷ್ಟೆಲ್ಲ ಆದರೂ ಆ ಕಾಯ್ದೆಗಳಿಂದ ಗ್ಯಾಸ್ ಕೊಳವೆ ಬರಲಿಲ್ಲ. 2008ರಲ್ಲಿ ಅಲ್ಲಿನ ಒಂದು ಅಳತೆಗೆ (ಎಂಎಂಬಿಟಿಯು) 12 ಡಾಲರ್ ದಾಟಿದ್ದ ಅಮೆರಿಕದ ಗ್ಯಾಸ್ ಬೆಲೆ 2012ರ ಹೊತ್ತಿಗೆ 2 ಡಾಲರಿನ ಆಸುಪಾಸಿಗೆ ಇಳಿದಿತ್ತು. ಅಲಾಸ್ಕದಿಂದ ಕೆಳಗಿರುವ ಅಮೆರಿಕದ ಉಳಿದ ರಾಜ್ಯಗಳಲ್ಲಿ, ಮಾರುಕಟ್ಟೆಯ ಪಕ್ಕದಲ್ಲೇ, ಶೇಲ್ ಬಂಡೆಯಿಂದ ಗ್ಯಾಸ್ ಹೊರಟಿತ್ತು.

ಆ ಶೇಲ್ ಗ್ಯಾಸ್ ಹಿಂದೆಯೂ ಒಂದು ತೆರಿಗೆ ರಿಯಾಯಿತಿ ಇತ್ತು. 1980ರಲ್ಲಿ ಅಮೆರಿಕ, ಕಲ್ಲಿದ್ದಲ ಪದರ, ಗಟ್ಟಿ ಬಂಡೆ, ಶೇಲ್ ಇಂಥ ಕಡೆಯಿಂದ ತೆಗೆದ ಗ್ಯಾಸಿಗೆ, ಮಾರಿದ ಪ್ರತಿ ಅಳತೆಗೆ ಇಷ್ಟು ಎಂದು ತೆರಿಗೆಯಲ್ಲಿ ಕಳೆದುಕೊಟ್ಟಿತು. 1992ರ ಕೊನೆಯೊಳಗೆ ಕೊರೆದ ಬಾವಿಗೆ ಮಾತ್ರ, ಅದೂ 2002ರವರೆಗೆ ಮಾತ್ರ. ಗ್ಯಾಸ್ ಹೊರಬರದಿದ್ದರೆ ಬಿಡಿಗಾಸೂ ಇಲ್ಲ. ಬಾವಿ ಕೊರೆಯುವ ತಂತ್ರ ಬೆಳೆದದ್ದೂ ದೊಡ್ಡ ಕಾರಣವೇ, ಆದರೆ ಆ ತಂತ್ರ ಪಳಗುವ ವರ್ಷಗಳಲ್ಲಿ ಈ ರಿಯಾಯಿತಿ ಕೈಹಿಡಿದು ನಡೆಸಿತು. ಕಣಕ್ಕೆ ಬಂದ ಚೀಲವನ್ನು ಎಣಿಸಿ ಕೊಡುವ ಪ್ರೋತ್ಸಾಹ ಇದು, ಮುಗಿಯುವ ದಿನವನ್ನು ಮೊದಲೇ ಬರೆದಿಟ್ಟದ್ದು. ನಾನು ನೋಡಿದ ಮಟ್ಟಿಗೆ ಇದಕ್ಕಿಂತ ಚೆನ್ನಾಗಿ ಹೆಣೆದ ರಿಯಾಯಿತಿ ಇಲ್ಲ.

ಎಚ್ಚರ ತಪ್ಪಿದರೆ ಏನಾಗುತ್ತದೆಂದು ಆಸ್ಟ್ರೇಲಿಯಾ ತೋರಿಸಿತು. ಅಲ್ಲಿ ಕಡಲಾಚೆಯ ತೈಲ, ಗ್ಯಾಸ್ ಲಾಭಕ್ಕೆ ಶೇ 40ರ ವಿಶೇಷ ತೆರಿಗೆ ಇದೆ. ಕಳೆಯದೆ ಉಳಿದ ಖರ್ಚನ್ನು ವರ್ಷ ವರ್ಷ ಬಡ್ಡಿ ಸೇರಿಸುವ ಹಾಗೆ ಬೆಳೆಸಿಕೊಂಡು ಮುಂದಕ್ಕೆ ಒಯ್ಯಬಹುದಿತ್ತು. ಕಳೆದ ದಶಕದಲ್ಲಿ ಆ ರಾಶಿ 20,000 ಕೋಟಿ ಆಸ್ಟ್ರೇಲಿಯನ್ ಡಾಲರ್ ಮೀರಿತು. ದೇಶ ಜಗತ್ತಿನ ದೊಡ್ಡ ದ್ರವ ಗ್ಯಾಸ್ ರಫ್ತುದಾರರಲ್ಲಿ ಒಂದಾಯಿತು, ಆ ತೆರಿಗೆ ಮಾತ್ರ ಬೊಕ್ಕಸಕ್ಕೆ ಸರಿಯಾಗಿ ಬರಲಿಲ್ಲ. ಕೊನೆಗೆ 2023ರ ಜುಲೈಯಿಂದ, ವರ್ಷದ ಆದಾಯದ ಶೇ 90ಕ್ಕಿಂತ ಹೆಚ್ಚು ಕಳೆಯುವಂತಿಲ್ಲ ಎಂದು ಮಿತಿ ಹಾಕಿದರು. ಜನರ ಪಾಲನ್ನು ಬಿಟ್ಟುಕೊಡುವುದೇಕೆ ಎಂಬ ನಿಮ್ಮ ಸಿಟ್ಟಿಗೆ ಇಲ್ಲಿ ಪೂರ್ತಿ ಆಧಾರವಿದೆ. ಇದು ನಮಗೆ ತೀರಾ ದೂರದ ಮಾತೂ ಅಲ್ಲ. ಹಡಗಿನಿಂದ ದ್ರವ ಗ್ಯಾಸ್ ಇಳಿಸುವ ಕೊಚ್ಚಿ ಟರ್ಮಿನಲ್ಲಿಗೆಂದು, ಗ್ಯಾಸ್ ಆಮದು ಮಾಡುವ ಪೆಟ್ರೋನೆಟ್ ಕಂಪನಿ ಮಾಡಿಕೊಂಡ ದೀರ್ಘಾವಧಿಯ ಒಪ್ಪಂದ ಆಸ್ಟ್ರೇಲಿಯಾದ್ದೇ ಗೋರ್ಗನ್ ನಿಕ್ಷೇಪದ ಗ್ಯಾಸಿನದ್ದು. ಸಂಪಾಜೆ ಘಾಟಿ ಇಳಿದು ಹೋದರೆ ಸಿಗುವ ಮಂಗಳೂರಿಗೆ, ಕೊಚ್ಚಿಯಿಂದ 450 ಕಿ.ಮೀ. ಕೊಳವೆ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು.

ಇನ್ನೊಂದು ದಾರಿಯೂ ಇದೆ. ತೆರಿಗೆ ಬಿಡುವ ಬದಲು ಸರ್ಕಾರವೇ ಮೋರಿ ಕಟ್ಟಿಕೊಡುವುದು. ಉತ್ತರ ಪ್ರದೇಶದ ಜಗದೀಶ್‌ಪುರದಿಂದ ಹಾಲ್ದಿಯಾ ಕಡೆಗೆ ಹೋಗುವ ಕೊಳವೆಗೆ 2016ರಲ್ಲಿ ಕೇಂದ್ರ ಸರ್ಕಾರ ವೆಚ್ಚದ ಶೇ 40, ಅಂದರೆ 5,176 ಕೋಟಿ ರೂಪಾಯಿ ಅನುದಾನ ಒಪ್ಪಿತು. ಈಶಾನ್ಯ ರಾಜ್ಯಗಳ 1,656 ಕಿ.ಮೀ. ಜಾಲಕ್ಕೆ 2020ರಲ್ಲಿ ಶೇ 60, ಅಂದರೆ 5,559 ಕೋಟಿ. ದಾರಿ ಎಲ್ಲರದ್ದಾಗಿ ಉಳಿಯುತ್ತದೆ, ಒಂದು ಕಂಪನಿಯ ಲೆಕ್ಕಪುಸ್ತಕದಲ್ಲಿ ಕರಗುವುದಿಲ್ಲ. ನನ್ನ ಮನಸ್ಸು ವಾಲುವುದು ಈ ಕಡೆಗೆ.

ತೆರಿಗೆ ಕಾಯ್ದೆಯಲ್ಲಿ ಕಾಫಿಯೂ ಗ್ಯಾಸೂ ಅಕ್ಕಪಕ್ಕದ ಮನೆಯವರು ಎಂದು ಗೊತ್ತಾದಾಗ ನನಗೆ ಬಹಳ ಸಂತೋಷವಾಗಿತ್ತು. ಕಾಫಿ ಬೆಳೆದು, ಕ್ಯೂರಿಂಗ್ ಮಾಡಿಸಿ ಮಾರುವವರ ಆದಾಯದಲ್ಲಿ ಶೇ 25 ಮಾತ್ರ ವ್ಯಾಪಾರದ ಆದಾಯವೆಂದು ಆದಾಯ ತೆರಿಗೆಯ 7ಬಿ ನಿಯಮ ಎಣಿಸುತ್ತಿತ್ತು. 1961ರ ಕಾಯ್ದೆಯ 33ಎಬಿ ಸೆಕ್ಷನ್, ಚಹಾ, ಕಾಫಿ, ರಬ್ಬರ್ ಬೆಳೆಗಾರರು ತೋಟದ ಅಭಿವೃದ್ಧಿಗೆಂದು ಠೇವಣಿ ಇಟ್ಟರೆ ಲಾಭದ ಶೇ 40ರವರೆಗೆ ಕಳೆಯಲು ಬಿಟ್ಟಿತ್ತು. ಅದರ ಮರುಸೆಕ್ಷನ್ 33ಎಬಿಎ ತೈಲ, ಗ್ಯಾಸ್ ಕಂಪನಿಗಳಿಗೆ. ಬಾವಿ ಬತ್ತಿದ ಮೇಲೆ ಅದನ್ನು ಮುಚ್ಚಿ ಜಾಗ ಮೊದಲಿನಂತೆ ಮಾಡುವ ಖರ್ಚಿಗೆಂದು ದುಡ್ಡು ತೆಗೆದಿಟ್ಟರೆ ಲಾಭದ ಶೇ 20ರವರೆಗೆ ಕಳೆಯಬಹುದಿತ್ತು. ದೂರದ ಜಾಗಗಳಲ್ಲಿ ಕೊನೆಗೆ ಗುಂಡಿ ಮುಚ್ಚುವವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಗುಡ್ಡ ಅಗೆದು ಬಿಟ್ಟುಹೋದದ್ದರ ಫಲವನ್ನು ಮಳೆಗಾಲದಲ್ಲಿ ಉಣ್ಣುವ ನಾವಾದರೂ ಅದನ್ನು ಕೇಳಬೇಕು.

ಇನ್ನು ಸಿಲಿಂಡರ್. ಇಲ್ಲ, ಅಗ್ಗವಾಗುವುದಿಲ್ಲ. ಸಿಲಿಂಡರಿನಲ್ಲಿರುವುದು ಎಲ್‌ಪಿಜಿ, ಅಂದರೆ ಪ್ರೊಪೇನ್ ಮತ್ತು ಬ್ಯೂಟೇನ್. ನೈಸರ್ಗಿಕ ಅನಿಲ ಬಹುಪಾಲು ಮೀಥೇನ್. ದೇಶಕ್ಕೆ ಬೇಕಾದ ಎಲ್‌ಪಿಜಿಯ ಅರ್ಧಕ್ಕಿಂತ ಹೆಚ್ಚು ಆಮದು, ಅದರ ಬೆಲೆ ನಿಂತಿರುವುದು ಸೌದಿ ದರದ ಮೇಲೆ. ನೈಸರ್ಗಿಕ ಅನಿಲ ನಿಮ್ಮ ತೋಟಕ್ಕೆ ಬರುವುದು ಬೇರೆ ರೂಪದಲ್ಲಿ. ಯೂರಿಯಾ ತಯಾರಾಗುವುದು ಅದರಿಂದಲೇ. ಕೊಚ್ಚಿಯ ಕೊಳವೆ ಬಂದ ಮೇಲೆ ಮಂಗಳೂರಿನ ರಸಗೊಬ್ಬರ ಕಾರ್ಖಾನೆ ನಾಫ್ತಾ (ಕಚ್ಚಾ ತೈಲದಿಂದ ಬರುವ ದ್ರವ) ಬಿಟ್ಟು ಗ್ಯಾಸಿಗೆ ಬದಲಾಯಿತು. ಆದರೂ 45 ಕಿಲೋ ಚೀಲಕ್ಕೆ ಸರ್ಕಾರ ಕಟ್ಟಿದ 242 ರೂಪಾಯಿ, ಅದರ ಮೇಲೆ ತೆರಿಗೆ ಮತ್ತು ಬೇವಿನ ಲೇಪದ ಖರ್ಚು, ಹಾಗೇ ಇವೆ. ಗ್ಯಾಸ್ ಅಗ್ಗವಾದರೆ ಉಳಿತಾಯ ಸೇರುವುದು ಕೇಂದ್ರದ ಸಬ್ಸಿಡಿ ಲೆಕ್ಕಕ್ಕೆ.