ದಿನಸಿ ಬೆಲೆಯ ಬಿಸಿ ಯಾವ ದೇಶಕ್ಕೆ ಹೆಚ್ಚು ತಟ್ಟಿದೆ?

ಪ್ರಶ್ನೆ: ಆಹಾರ ಪದಾರ್ಥಗಳ ಬೆಲೆ ಜಗತ್ತಿನ ಎಲ್ಲೆಡೆ ಏರಿದೆ ಎನ್ನುತ್ತಾರೆ. ಆದರೆ ಒಂದು ಪಟ್ಟಿಯಲ್ಲಿ ಸ್ವಿಟ್ಜರ್ಲೆಂಡ್ ಮೊದಲಿದ್ದರೆ ಇನ್ನೊಂದರಲ್ಲಿ ಟರ್ಕಿ, ಮತ್ತೊಂದರಲ್ಲಿ ನೈಜೀರಿಯಾ. ನಿಜಕ್ಕೂ ಯಾರಿಗೆ ಹೆಚ್ಚು ಹೊಡೆತ ಬಿದ್ದಿದೆ? ಹಣದುಬ್ಬರ ಇಳಿಯಿತು ಎಂದು ಸುದ್ದಿ ಬಂದ ಮೇಲೂ ಅಂಗಡಿಯಲ್ಲಿ ಬೆಲೆ ಇಳಿಯುವುದಿಲ್ಲವೇಕೆ?

ಉತ್ತರ: ಮೂರೂ ಪಟ್ಟಿಗಳು ಸರಿಯೇ ಇರಬಹುದು. ಒಂದು ಪಟ್ಟಿ ಬೆಲೆ ಎಷ್ಟಿದೆ ಎಂದು ಅಳೆದರೆ, ಇನ್ನೊಂದು ಎಷ್ಟು ಬೇಗ ಏರುತ್ತಿದೆ ಎಂದು ಅಳೆಯುತ್ತದೆ. ಮತ್ತೊಂದು, ಕೊಳ್ಳುವವರ ಜೇಬಿನಲ್ಲಿ ಅದಕ್ಕೆ ಎಷ್ಟು ಖಾಲಿಯಾಗುತ್ತದೆ ಎಂದು ನೋಡುತ್ತದೆ.

ಸ್ವಿಟ್ಜರ್ಲೆಂಡಿನಲ್ಲಿ ಆಹಾರದ ಬೆಲೆ ಐರೋಪ್ಯ ಒಕ್ಕೂಟದ ಸರಾಸರಿಯ ಒಂದೂವರೆ ಪಟ್ಟಿಗೂ ಹೆಚ್ಚು. ಇದು ಇಂದು ನಿನ್ನೆಯ ಮಾತಲ್ಲ, ಅಲ್ಲಿ ಎಲ್ಲವೂ ದುಬಾರಿಯೇ. ಆದರೆ 2022ರಲ್ಲಿ ಅಕ್ಕಪಕ್ಕದ ದೇಶಗಳಲ್ಲಿ ಬೆಲೆಗಳು ಹುಚ್ಚೆದ್ದು ಏರುತ್ತಿದ್ದಾಗ ಅಲ್ಲಿನ ಒಟ್ಟಾರೆ ಹಣದುಬ್ಬರ ಶೇ 3.5ಕ್ಕೆ ನಿಂತಿತು. ಹಂಗರಿಯದು ತದ್ವಿರುದ್ಧ ಕತೆ. ಸ್ವಿಸ್ ಬೆಲೆಗಳ ಮುಂದೆ ಅಲ್ಲಿನದು ಬಹಳ ಅಗ್ಗ. ಆದರೂ 2022ರ ಡಿಸೆಂಬರಿನಲ್ಲಿ ಆಹಾರದ ಬೆಲೆ ಹಿಂದಿನ ಡಿಸೆಂಬರಿಗಿಂತ ಸುಮಾರು ಶೇ 45ರಷ್ಟು ಮೇಲಿತ್ತು. ಮನೆ ನಡೆಸುವವರಿಗೆ ಎದೆ ಧಸಕ್ಕೆನ್ನುವುದು ಎರಡನೆಯ ಥರದ ಊರಿನಲ್ಲಿ. ದುಬಾರಿ ಊರಿನಲ್ಲಿ ಸಂಬಳವೂ ಬೆಲೆಗೆ ತಕ್ಕಂತೆ ಇರುತ್ತದೆ, ಬಜೆಟ್ ಹಾಕಿಕೊಂಡು ಬದುಕಬಹುದು. ಒಂದೇ ವರ್ಷದಲ್ಲಿ ಅರ್ಧದಷ್ಟು ಏರಿದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಹಣದುಬ್ಬರ ಇಳಿದರೂ ಬೆಲೆ ಏಕೆ ಇಳಿಯುವುದಿಲ್ಲ ಎಂಬುದಕ್ಕೆ ಬ್ರಿಟನ್ನಿನ ಅಂಕಿಗಳನ್ನೇ ಹಿಡಿದು ನೋಡೋಣ. 2022ರ ಮಾರ್ಚಿನಲ್ಲಿ ಒಂದು ಬುಟ್ಟಿ ದಿನಸಿಗೆ 100 ಪೌಂಡ್ ಆಗುತ್ತಿತ್ತು ಎಂದಿಟ್ಟುಕೊಳ್ಳಿ. 2023ರ ಮಾರ್ಚಿನಲ್ಲಿ ಅಲ್ಲಿ ಆಹಾರ ಹಣದುಬ್ಬರ ಶೇ 19 ದಾಟಿತು, ನಲವತ್ತೈದು ವರ್ಷಗಳಲ್ಲೇ ಅತಿ ಹೆಚ್ಚು. ಬುಟ್ಟಿ 119 ಪೌಂಡ್ ಆಯಿತು. ಮರುವರ್ಷದ ಮಾರ್ಚಿನಲ್ಲಿ ದರ ಶೇ 4ಕ್ಕೆ ಇಳಿಯಿತು. ಸರ್ಕಾರ ನಿಟ್ಟುಸಿರು ಬಿಟ್ಟಿತು. ಬುಟ್ಟಿಯ ಬೆಲೆ ಮಾತ್ರ 124 ಪೌಂಡ್. ಇಳಿದದ್ದು ಏರಿಕೆಯ ವೇಗವಷ್ಟೇ, ಹಿಂದಿನ ವರ್ಷ ಸೇರಿಕೊಂಡ 19 ಪೌಂಡ್ ಅಲ್ಲೇ ಕೂತಿದೆ. ಅದು ಹೋಗಬೇಕಾದರೆ ದರ ಸೊನ್ನೆಗಿಂತ ಕೆಳಗಿಳಿಯಬೇಕು. ಆಹಾರದ ಇಡೀ ಬುಟ್ಟಿಯ ಮಟ್ಟಿಗೆ ಹಾಗಾಗುವುದು ಅಪರೂಪ.

ಇನ್ನೊಂದು ವಿಚಿತ್ರವನ್ನು ಗಮನಿಸಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪ್ರತಿ ತಿಂಗಳು ಧಾನ್ಯ, ಖಾದ್ಯತೈಲ, ಹಾಲಿನ ಉತ್ಪನ್ನ, ಮಾಂಸ, ಸಕ್ಕರೆ ಈ ಐದರ ಅಂತರರಾಷ್ಟ್ರೀಯ ಬೆಲೆಗಳ ಸೂಚ್ಯಂಕ ಪ್ರಕಟಿಸುತ್ತದೆ. 2014–16ರ ಸರಾಸರಿಯನ್ನು 100 ಎಂದು ಇಟ್ಟುಕೊಂಡ ಆ ಸೂಚ್ಯಂಕ, ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದ ಬೆನ್ನಲ್ಲೇ, 2022ರ ಮಾರ್ಚಿನಲ್ಲಿ 160ರ ಹತ್ತಿರ ಹೋಗಿ ದಾಖಲೆ ಬರೆಯಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಸುಮಾರು ಶೇ 20ರಷ್ಟು ಕುಸಿಯಿತು. ಬ್ರಿಟನ್ನಿನಲ್ಲಿ, ಜರ್ಮನಿಯಲ್ಲಿ ಅಂಗಡಿ ಬೆಲೆ ಅತಿ ವೇಗವಾಗಿ ಏರಿದ್ದು ಸರಿಯಾಗಿ ಆ ಹೊತ್ತಿಗೇ! ಜರ್ಮನಿಯಲ್ಲಿ 2023ರ ಮಾರ್ಚಿನ ಆಹಾರ ಹಣದುಬ್ಬರ ಶೇ 22.3.

ವ್ಯಾಪಾರಿಗಳ ದುರಾಸೆ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಕೆಲವು ಕಡೆ ಲಾಭದ ಪ್ರಮಾಣ ಹಿಗ್ಗಿದ್ದೂ ಹೌದು. ಆದರೆ ಅಂಗಡಿಯ ಪೊಟ್ಟಣದಲ್ಲಿ ಬೆಳೆಯ ಪಾಲು ಎಷ್ಟು ಎಂದು ಮೊದಲು ನೋಡಬೇಕು. ಅಮೆರಿಕದ ಕೃಷಿ ಇಲಾಖೆಯ ಲೆಕ್ಕದಲ್ಲಿ ಗ್ರಾಹಕ ಆಹಾರಕ್ಕೆ ಕೊಡುವ ಪ್ರತಿ ಡಾಲರಿನಲ್ಲಿ ರೈತನಿಗೆ ಹೋಗುವುದು 15–16 ಸೆಂಟ್. ಮಿಕ್ಕದ್ದೆಲ್ಲ ಸಂಸ್ಕರಣೆ, ಪ್ಯಾಕಿಂಗ್, ಸಾಗಣೆ, ಶೀತಲಗೃಹದ ಕರೆಂಟು, ಕೂಲಿ, ಬಾಡಿಗೆ. ಗೋಧಿ ಅಗ್ಗವಾದ ತಿಂಗಳೇ ಬೇಕರಿಯ ಗ್ಯಾಸ್ ಬಿಲ್ ದುಪ್ಪಟ್ಟಾದರೆ ಬ್ರೆಡ್ಡಿನ ಬೆಲೆ ಏರುತ್ತದೆ. ಜೊತೆಗೆ ದೊಡ್ಡ ಖರೀದಿದಾರರು ಆರು ತಿಂಗಳು, ವರ್ಷ ಮುಂಚೆಯೇ ಹಳೇ ದರಕ್ಕೆ ಕರಾರು ಮಾಡಿಕೊಂಡಿರುತ್ತಾರೆ, ಹಾಗಾಗಿ ಬೆಳೆ ಅಗ್ಗವಾದದ್ದು ಅಂಗಡಿಗೆ ತಡವಾಗಿ ತಲುಪುತ್ತದೆ.

ಬಡ ದೇಶಗಳಲ್ಲಿ ಈ ಸರಪಳಿ ಚಿಕ್ಕದು. ಧಾನ್ಯವನ್ನು ಧಾನ್ಯವಾಗಿಯೇ, ಇಲ್ಲವೇ ಹಿಟ್ಟಾಗಿ ಕೊಳ್ಳುವಲ್ಲಿ ಬೆಳೆಯ ಬೆಲೆ ಏರಿದ ಪೆಟ್ಟು ನೇರವಾಗಿ, ಬೇಗ ಬೀಳುತ್ತದೆ. ಆಮದು ಮಾಡಿಕೊಂಡು ತಿನ್ನುವ ದೇಶವಾದರೆ ಅದರ ಮೇಲೆ ಕರೆನ್ಸಿಯ ಕುಸಿತ ಬೇರೆ. ಈಜಿಪ್ಟ್ ಜಗತ್ತಿನಲ್ಲೇ ಅತಿ ಹೆಚ್ಚು ಗೋಧಿ ತರಿಸಿಕೊಳ್ಳುವ ದೇಶಗಳಲ್ಲೊಂದು. ಅಲ್ಲಿನ ಪೌಂಡ್ ಡಾಲರಿನೆದುರು ನೆಲಕಚ್ಚಿತು. 2023ರ ಸೆಪ್ಟೆಂಬರಿನಲ್ಲಿ ನಗರಗಳ ಆಹಾರ ಹಣದುಬ್ಬರ ಶೇ 70 ದಾಟಿತ್ತು. ಆ ವೇಳೆಗೆ ಜಾಗತಿಕ ಮಾರುಕಟ್ಟೆಯಲ್ಲಿ ಗೋಧಿ ಅಗ್ಗವಾಗಿತ್ತು. ಟರ್ಕಿಯಲ್ಲೂ ಲಿರಾ ಬಿದ್ದದ್ದು ದೊಡ್ಡ ಕಾರಣ. 2022ರ ಅಕ್ಟೋಬರಿನಲ್ಲಿ ಸರ್ಕಾರಿ ಲೆಕ್ಕದಲ್ಲೇ ಆಹಾರದ ಬೆಲೆ ವರ್ಷದೊಳಗೆ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು.

ಎಲ್ಲಾ ಏರಿಕೆಯೂ ಜಗತ್ತಿನದ್ದಲ್ಲ. ಕೋಕೋ ಬೆಲೆ 2024ರ ಡಿಸೆಂಬರಿನಲ್ಲಿ ಟನ್ನಿಗೆ 12,000 ಡಾಲರ್ ದಾಟಿದಾಗ ಚಾಕೊಲೇಟ್ ತಿನ್ನುವ ದೇಶಗಳೆಲ್ಲ ಅನುಭವಿಸಿದವು. ಅರ್ಧಕ್ಕಿಂತ ಹೆಚ್ಚು ಕೋಕೋ ಐವರಿ ಕೋಸ್ಟ್ ಮತ್ತು ಘಾನಾ ಎರಡೇ ದೇಶಗಳಿಂದ ಬರುತ್ತದೆ, ಅಲ್ಲಿ ಬೆಳೆ ಕೈಕೊಟ್ಟಿತ್ತು. ಮೊಟ್ಟೆಯ ಕತೆ ಹಾಗಲ್ಲ. ಹಕ್ಕಿ ಜ್ವರಕ್ಕೆ ಕೋಟಿಗಟ್ಟಲೆ ಕೋಳಿಗಳನ್ನು ಕೊಲ್ಲಬೇಕಾಗಿ ಬಂದ ಅಮೆರಿಕದಲ್ಲಿ 2025ರ ಮಾರ್ಚಿನಲ್ಲಿ ಡಜನ್ ಮೊಟ್ಟೆಯ ಸರಾಸರಿ ಬೆಲೆ 6.23 ಡಾಲರಿಗೆ ಹೋಯಿತು. ಮೊಟ್ಟೆ ಗಡಿ ದಾಟಿ ಮಾರಾಟವಾಗುವುದು ಕಡಿಮೆ, ಹಾಗಾಗಿ ಆ ಬಿಸಿ ಬಹುಮಟ್ಟಿಗೆ ಅಲ್ಲೇ ಉಳಿಯಿತು.

ಇದಕ್ಕಿಂತ ಸ್ವಾರಸ್ಯದ ಉದಾಹರಣೆ ಜಪಾನಿನ ಅಕ್ಕಿ. 2023ರ ಜುಲೈನಲ್ಲಿ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಏಷ್ಯಾದ ಮಾರುಕಟ್ಟೆಗಳಲ್ಲಿ ಅಕ್ಕಿ ಬೆಲೆ ಜಿಗಿದಿತ್ತು. 2024ರ ಸೆಪ್ಟೆಂಬರಿನಲ್ಲಿ ನಿಷೇಧ ತೆಗೆದ ಮೇಲೆ ಜಗತ್ತಿನಲ್ಲಿ ಅಕ್ಕಿ ಅಗ್ಗವಾಗುತ್ತಾ ಬಂತು. ಜಪಾನಿನಲ್ಲಿ ಮಾತ್ರ 2025ರ ಮೇ ತಿಂಗಳಲ್ಲಿ ಅಕ್ಕಿಯ ಬೆಲೆ ಹಿಂದಿನ ವರ್ಷದ ಎರಡರಷ್ಟಾಗಿತ್ತು. ತನ್ನ ರೈತರನ್ನು ಕಾಯಲು ಜಪಾನ್ ನಿಗದಿತ ಪ್ರಮಾಣ ಮೀರಿದ ಆಮದು ಅಕ್ಕಿಗೆ ಕಿಲೋಗೆ 341 ಯೆನ್ ಸುಂಕ ಹಾಕುತ್ತದೆ. ಹೊರಗೆ ಬೆಲೆ ಏರಿದಾಗ ಒಳಗಿನವರನ್ನು ಕಾದ ಅದೇ ಗೋಡೆ, 2023ರ ಬಿರುಬೇಸಗೆಯಲ್ಲಿ ಒಳಗಿನ ಬೆಳೆ ಕೆಟ್ಟಾಗ ಹೊರಗಿನ ಅಗ್ಗದ ಅಕ್ಕಿಯನ್ನೂ ತಡೆಯಿತು. ಸರ್ಕಾರ ಉಗ್ರಾಣದ ದಾಸ್ತಾನು ಬಿಚ್ಚಬೇಕಾಯಿತು. ಬೆಂಬಲಿಗರು ತಂದುಕೊಡುವುದರಿಂದ ತಾನು ಅಕ್ಕಿ ಕೊಂಡೇ ಇಲ್ಲ ಎಂದ ಕೃಷಿ ಸಚಿವ ತಾಕು ಎತೋ ರಾಜೀನಾಮೆ ಕೊಟ್ಟು ಮನೆಗೆ ಹೋದರು.

ಇನ್ನು ಹೊಡೆತದ ಪ್ರಶ್ನೆ. ನನ್ನ ಮಟ್ಟಿಗೆ ಅಸಲಿ ಪ್ರಶ್ನೆ ಇದೇ, ಪಟ್ಟಿಗಳು ಇದನ್ನೇ ಮರೆಯುವುದು. ಬಡ ಕುಟುಂಬದ ಖರ್ಚಿನಲ್ಲಿ ಊಟದ ಪಾಲು ಹೆಚ್ಚು, ಆದಾಯ ಏರಿದಂತೆ ಆ ಪಾಲು ಇಳಿಯುತ್ತದೆ ಎಂದು ಜರ್ಮನ್ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದ. ಇವತ್ತಿಗೂ ಅದು ಸುಳ್ಳಾಗಿಲ್ಲ. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಮನೆಗೆ ತರುವ ದಿನಸಿಯ ತೂಕ, ಅಂದರೆ ಒಟ್ಟು ಖರ್ಚಿನಲ್ಲಿ ಅದರ ಪಾಲು, ಶೇ 8ರ ಆಸುಪಾಸು. 2012ನ್ನು ಆಧಾರ ವರ್ಷವಾಗಿಟ್ಟುಕೊಂಡಿದ್ದ ಭಾರತದ ಹಿಂದಿನ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಶೇ 45.86 ಇತ್ತು. ನೈಜೀರಿಯಾದಲ್ಲಿ ಸಾಮಾನ್ಯ ಕುಟುಂಬದ ಖರ್ಚಿನ ಅರ್ಧಕ್ಕಿಂತ ಹೆಚ್ಚು ಆಹಾರಕ್ಕೇ ಹೋಗುತ್ತದೆ. ಆಹಾರದ ಬೆಲೆ ಶೇ 10 ಏರಿತು ಎನ್ನಿ. ಮೊದಲನೆಯ ಮನೆಯ ಖರ್ಚು ನೂರಕ್ಕೆ ಒಂದರಷ್ಟೂ ಏರುವುದಿಲ್ಲ, ಕೊನೆಯ ಮನೆಯದು ಐದಕ್ಕಿಂತ ಹೆಚ್ಚು ಏರುತ್ತದೆ. ಶ್ರೀಮಂತ ದೇಶದೊಳಗೂ ಬಡವರ ಪಾಡು ಹೀಗೇ. ದುಬಾರಿ ಬ್ರ್ಯಾಂಡ್ ಬಿಟ್ಟು ಅಗ್ಗದ್ದಕ್ಕೆ ಇಳಿಯಲು ಕೆಲವರಿಗೆ ಜಾಗವಿರುತ್ತದೆ. ಮೊದಲೇ ಅತಿ ಅಗ್ಗದ್ದನ್ನು ಕೊಳ್ಳುತ್ತಿದ್ದವರು ಇಳಿಯುವುದೆಲ್ಲಿಗೆ?

ನೀವೇ ಎರಡು ದೇಶ ಹೋಲಿಸುವುದಾದರೆ ಡಾಲರಿಗೆ ಪರಿವರ್ತಿಸಿ ನೋಡುವ ಚಟ ಬಿಡಿ. ಅಲ್ಲಿನ ಸಾಮಾನ್ಯ ಕೂಲಿಯಲ್ಲಿ ಒಂದು ಕಿಲೋ ಧಾನ್ಯಕ್ಕೆ, ಒಂದು ಲೀಟರ್ ಎಣ್ಣೆಗೆ ಎಷ್ಟು ನಿಮಿಷ ದುಡಿಯಬೇಕು ಎಂದು ಲೆಕ್ಕ ಹಾಕಿ. ತೆರಿಗೆಯನ್ನೂ ನೋಡಿ: ಡೆನ್ಮಾರ್ಕ್‌ನಲ್ಲಿ ಆಹಾರಕ್ಕೂ ಶೇ 25 ತೆರಿಗೆ, ಬ್ರಿಟನ್ನಿನಲ್ಲಿ ಬಹುಪಾಲು ಆಹಾರಕ್ಕೆ ಸೊನ್ನೆ. ಪೊಟ್ಟಣದ ತೂಕ ನೋಡುವುದನ್ನೂ ಮರೆಯಬೇಡಿ. ಬೆಲೆ ಹಾಗೇ ಇಟ್ಟು ತೂಕ ಇಳಿಸಿದ ಸಾಮಾನಿನ ಬಳಿ ಬೋರ್ಡು ಹಾಕಬೇಕೆಂದು ಫ್ರಾನ್ಸ್ 2024ರ ಜುಲೈನಿಂದ ದೊಡ್ಡ ಅಂಗಡಿಗಳಿಗೆ ನಿಯಮವನ್ನೇ ಮಾಡಿದೆ.

ಪಟ್ಟಿಗಳನ್ನು ನಂಬುವ ಮುನ್ನ ಮತ್ತೊಂದು ಸಂಗತಿ. ನೈಜೀರಿಯಾದ ಆಹಾರ ಹಣದುಬ್ಬರ 2024ರ ಡಿಸೆಂಬರಿನಲ್ಲಿ ಶೇ 39.84 ಇತ್ತು, 2025ರ ಜನವರಿಯಲ್ಲಿ ಶೇ 26.08 ಆಯಿತು. ಒಂದೇ ತಿಂಗಳಲ್ಲಿ ಮಾರುಕಟ್ಟೆಯಲ್ಲಿ ಪವಾಡವೇನೂ ನಡೆದಿರಲಿಲ್ಲ. ಅಲ್ಲಿನ ಅಂಕಿಅಂಶ ಕಚೇರಿ ಆಧಾರ ವರ್ಷವನ್ನು 2009ರಿಂದ 2024ಕ್ಕೆ ಬದಲಿಸಿ, ಬುಟ್ಟಿಯಲ್ಲಿ ಆಹಾರದ ತೂಕವನ್ನು ಸುಮಾರು 52ರಿಂದ 40ಕ್ಕೆ ಇಳಿಸಿತ್ತು. ಹದಿನೈದು ವರ್ಷ ಹಳೆಯ ಬುಟ್ಟಿಯನ್ನು ಬದಲಿಸಿದ್ದು ನ್ಯಾಯವೇ. ಆದರೆ ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಬೆಲೆ ಏರಿಕೆಗೆ ಕಡಿವಾಣ ಬಿತ್ತು ಎನ್ನುವಂತಿಲ್ಲ.